ಬ್ಯಾಂಡಿಟ್ ಕ್ಲಚ್ ಕೆಲಸ: ಲಿವರ್ ಬುಷ್ ಆಯಿತು, ಸ್ಲೇವ್ ಬಾಕಿ

ಮುಖ್ಯ ಸುದ್ದಿ ಮೊದಲು. ನನ್ನ ಬೈಕಿನಲ್ಲಿ ಈಗ ನ್ಯೂಟ್ರಲ್ ಸಿಗುತ್ತಿದೆ. ಎಂಜಿನ್ ಚೆನ್ನಾಗಿ ಕಾದ ಮೇಲೂ, ನಿಂತಲ್ಲೇ, ಒದ್ದಾಟ ಇಲ್ಲದೆ. ಕ್ಲಚ್ ಪ್ಲೇಟ್‌ಗಳನ್ನು ಇನ್ನೂ ಮುಟ್ಟಿಲ್ಲ, ಮುಟ್ಟಬೇಕಾಗಿಯೂ ಬರಲ್ಲ ಅನ್ನಿಸುತ್ತಿದೆ.

ಗಾಡಿ ಸುಜುಕಿ ಬ್ಯಾಂಡಿಟ್ 1250 ಎಸ್. 1255 ಸಿಸಿ, ನಾಲ್ಕು ಸಿಲಿಂಡರ್. ವಯಸ್ಸಾಗಿದೆ, ಆದರೆ ಲಗೇಜ್ ಕಟ್ಟಿಕೊಂಡು ದೂರ ಹೋಗೋಕೆ ಇದರಷ್ಟು ಹಿತವಾದ ಗಾಡಿ ನಾನು ಓಡಿಸಿಲ್ಲ. ಇದರ ಕ್ಲಚ್‌ಗೆ ಕೇಬಲ್ ಇಲ್ಲ, ಎಲ್ಲ ಬ್ರೇಕ್ ಆಯಿಲ್ ಮೇಲೆ ನಡೆಯುತ್ತದೆ. ಕ್ಲಚ್ ಲಿವರ್ ಹತ್ತಿರ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್, ಎಂಜಿನ್ನಿನ ಎಡಗಡೆ ಮುಂದಿನ ಸ್ಪ್ರಾಕೆಟ್ (ಚೈನ್ ಓಡಿಸುವ ಹಲ್ಲಿನ ಚಕ್ರ) ಪಕ್ಕ, ಆ ಒತ್ತಡದಿಂದ ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರ್, ನಡುವೆ ಒಂದು ಹೋಸ್.

ಚಿಕ್ಕಮಗಳೂರಿನ ಬೆಳಗಿನ ಚಳಿಯಲ್ಲಿ ಏನೂ ತೊಂದರೆ ಕಾಣುತ್ತಿರಲಿಲ್ಲ. ಕೈಮರ ದಾಟಿ ಮುಳ್ಳಯ್ಯನಗಿರಿ ಕಡೆ ಹತ್ತುವಾಗ, ವಾರಾಂತ್ಯದ ಕಾರುಗಳ ಹಿಂದೆ ನಿಂತು ನಿಂತು ಹೋಗುವಾಗ, ಶುರುವಾಗುತ್ತಿತ್ತು. ಲಿವರ್ ಪೂರ್ತಿ ಹಿಡಿದಿದ್ದರೂ ಫಸ್ಟ್ ಗೇರಿನಲ್ಲಿ ಗಾಡಿ ನಿಧಾನಕ್ಕೆ ಮುಂದಕ್ಕೆ ಎಳೆಯುತ್ತಿತ್ತು. ನ್ಯೂಟ್ರಲ್ ಹುಡುಕಿದರೆ ಸೆಕೆಂಡ್ ಬೀಳುತ್ತಿತ್ತು.

ತೋರಿಸಿದ ಕಡೆ "ಪ್ಲೇಟ್ ಹೋಗಿದೆ ಸಾರ್, ಸೆಟ್ ತರಿಸಿಬಿಡಿ" ಅಂದರು. ನಾನು ಒಪ್ಪಲಿಲ್ಲ. ಪ್ಲೇಟ್ ಸವೆದರೆ ಕ್ಲಚ್ ಜಾರುತ್ತದೆ: ಆಕ್ಸಿಲೇಟರ್ ಕೊಟ್ಟಾಗ ಎಂಜಿನ್ ಕೂಗುತ್ತದೆ, ಸ್ಪೀಡ್ ಏರಲ್ಲ. ನನ್ನದು ಜಾರುತ್ತಿರಲಿಲ್ಲ, ಪೂರ್ತಿ ಬಿಡುತ್ತಿರಲಿಲ್ಲ. ಇವೆರಡೂ ಬೇರೆ ಬೇರೆ ಕಾಯಿಲೆ. ಅದೂ ಅಲ್ಲದೆ, ಲಿವರನ್ನು ನಾಲ್ಕೈದು ಸಲ ಬೇಗ ಬೇಗ ಒತ್ತಿದರೆ ಸ್ವಲ್ಪ ಹೊತ್ತು ಸರಿಹೋಗುತ್ತಿತ್ತು. ಲಿವರ್ ಒತ್ತಿದ್ದಕ್ಕೆ ಸವೆದ ಪ್ಲೇಟ್ ಸರಿಹೋಗಲ್ಲ, ಅಲ್ವಾ? ತೊಂದರೆ ಆಯಿಲ್ ಲೈನಿನ ಕಡೆಗೇ ಇರಬೇಕು.

ಇಲ್ಲೊಂದು ಲೆಕ್ಕ. ಮೇಲಿನ, ಅಂದರೆ ಮಾಸ್ಟರ್‌ನ, ಪಿಸ್ಟನ್ ಅಡ್ಡಳತೆ 14 ಮಿ.ಮೀ., ಕೆಳಗಿನ ಸ್ಲೇವ್‌ನದು 35 ಮಿ.ಮೀ. ಅಂತ ಇಟ್ಟುಕೊಳ್ಳಿ. ಕೆಳಗಿನದರ ವಿಸ್ತೀರ್ಣ 6.25 ಪಟ್ಟು ಜಾಸ್ತಿ. ಅಂದರೆ ಮೇಲೆ ಪಿಸ್ಟನ್ 10 ಮಿ.ಮೀ. ಸರಿದರೆ ಕೆಳಗೆ ಸರಿಯುವುದು ಬರೀ 1.6 ಮಿ.ಮೀ. ಪ್ಲೇಟ್‌ಗಳು ಬಿಡಿಸಿಕೊಳ್ಳಬೇಕಾದ್ದು ಅಷ್ಟರಲ್ಲೇ. ಲಿವರ್ ಹತ್ತಿರ ಒಂದು ಮಿ.ಮೀ. ಕಳೆದುಹೋದರೂ ಹತ್ತರಲ್ಲಿ ಒಂದು ಪಾಲು ಹೋಯಿತು. ಕೇಬಲ್ ಆಗಿದ್ದರೆ ಅಡ್ಜಸ್ಟರ್ ತಿರುಗಿಸಿ ಸರಿ ಮಾಡಬಹುದಿತ್ತು. ಹೈಡ್ರಾಲಿಕ್‌ನಲ್ಲಿ ಹಾಗಾಗಲ್ಲ, ಎಲ್ಲಿ ಕಳೆಯುತ್ತಿದೆ ಅಂತ ಹುಡುಕಲೇಬೇಕು. ಅದಕ್ಕೇ ಲಿವರ್‌ನಿಂದಲೇ ಶುರು ಮಾಡಿದೆ.

ಲಿವರ್ ಬಿಚ್ಚಿದರೆ ಒಳಗೆ ಬೆರಳ ತುದಿಯಷ್ಟು ಒಂದು ಬುಷ್. ಅದರ ಗುಂಡಿಯಲ್ಲಿ ಮಾಸ್ಟರ್‌ನ ಪಿಸ್ಟನ್ ತಳ್ಳುವ ಕಡ್ಡಿಯ, ಅಂದರೆ ಪುಶ್‌ರಾಡ್‌ನ, ತುದಿ ಕೂರುತ್ತದೆ. ಬೆಳಕಿಗೆ ಹಿಡಿದು ನೋಡಿದೆ. ಗುಂಡಿ ಒಂದು ಕಡೆಗೆ ಸವೆದು ಆಳವಾಗಿತ್ತು, ಅಂಚು ಹರಿತವಾಗಿ ಹೊಳೆಯುತ್ತಿತ್ತು. ಪುಶ್‌ರಾಡ್ ಇಟ್ಟು ಅಲ್ಲಾಡಿಸಿದರೆ ಟಕ್ ಟಕ್ ಅನ್ನುತ್ತಿತ್ತು. ಲಿವರ್ ಆಟದಲ್ಲಿ ಮೊದಲ ಭಾಗ ಸುಮ್ನೆ ಈ ಸಂದು ತುಂಬೋದಕ್ಕೇ ಹೋಗುತ್ತಿತ್ತು.

ಬೇಲೂರು ಮೇಲೆ ಹಾಸನಕ್ಕೆ ಹೋಗಿ, ಅಲ್ಲೊಬ್ಬರು ಲೇತ್ ಅಂಗಡಿಯವರಿಗೆ ಕೊಟ್ಟೆ. ಅವರು ತಿರುಗಿಸಿ ತಿರುಗಿಸಿ ನೋಡಿ, "ಹಿತ್ತಾಳೆಲೇ ಮಾಡಿಕೊಡ್ತೀನಿ ಸಾರ್, ಆದ್ರೆ ಗ್ರೀಸ್ ಮರೀಬೇಡಿ, ಗ್ರೀಸ್ ಇಲ್ದೇನೇ ಹಿಂಗಾಗಿರೋದು" ಅಂದರು. ಅವರು ಹೇಳಿದ್ದು ಸರಿ, ಹಳೆಯ ಬುಷ್ ಒಳಗೆ ಒಣ ಕೆಂಪು ಪುಡಿ ಬಿಟ್ಟರೆ ಏನೂ ಇರಲಿಲ್ಲ. ಕೆಲಸ ತುಂಬಾ ಅಚ್ಚುಕಟ್ಟಾಗಿ ಮಾಡಿಕೊಟ್ಟರು. ಹೊಸ ಬುಷ್ ಹಾಕಿದ ಮೇಲೆ ಲಿವರ್ ಹಿಡಿತವೇ ಬದಲಾಯಿತು.

ಆಮೇಲೆ ಆಯಿಲ್. ಮಾಸ್ಟರ್‌ನ ಆಯಿಲ್ ಡಬ್ಬಿ, ಅಂದರೆ ರಿಸರ್ವಾಯರ್, ಮುಚ್ಚಳ ತೆಗೆದರೆ ಡಿಕಾಕ್ಷನ್ ಬಣ್ಣ. ಡಾಟ್ 4 ದರ್ಜೆಯ ಈ ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ನಮ್ಮ ಮಲೆನಾಡಿನ ಮಳೆಗಾಲದಲ್ಲಿ ತೇವಕ್ಕೆ ಬರವೇ? ಹೊಸದಾಗಿದ್ದಾಗ ಕುದಿಯೋಕೆ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು, 3.7% ನೀರು ಸೇರಿದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ನೀರು ಸೇರಿದ ಆಯಿಲ್ ಸಿಲಿಂಡರನ್ನು ಒಳಗಿಂದ ತಿನ್ನುತ್ತದೆ ಕೂಡ. ಎಷ್ಟು ಓಡಿದೆ ಅಂತ ನೋಡದೆ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು.

ರಿಸರ್ವಾಯರ್ ತಳದಲ್ಲಿ ಎರಡು ತೂತು ಇರುತ್ತವೆ, ಒಂದು ತೀರಾ ಸಣ್ಣದು. ಲಿವರ್ ಸ್ವಲ್ಪವೇ ಒತ್ತಿದರೆ ಅದರಿಂದ ಆಯಿಲ್ ಸಣ್ಣಗೆ ಚಿಮ್ಮಬೇಕು. ನನ್ನದರಲ್ಲಿ ಚಿಮ್ಮಲಿಲ್ಲ. ಕೆಸರಿನಂಥದ್ದು ಕಟ್ಟಿಕೊಂಡಿತ್ತು. ವೈರಿನಿಂದ ತಾಮ್ರದ ಒಂದೇ ಎಳೆ ಬಿಡಿಸಿ, ಮೆಲ್ಲಗೆ ತೂರಿಸಿ ಬಿಡಿಸಿದೆ. ಮತ್ತೆ ಲಿವರ್ ಮುಟ್ಟಿದಾಗ ಕೂದಲಷ್ಟು ತೆಳ್ಳಗೆ ಆಯಿಲ್ ಮೇಲಕ್ಕೆದ್ದಿತು. ತುಂಬಾ ಖುಷಿಯಾಯಿತು. ಈ ತೂತು ಮುಚ್ಚಿದ್ದರೆ ಸಿಕ್ಕಿದ ಗಾಳಿಗೆ ಹೊರಬರೋ ದಾರಿಯೇ ಇರಲ್ಲ. ಪೂರ್ತಿ ಮುಚ್ಚಿದರೆ, ಕಾದು ಹಿಗ್ಗಿದ ಆಯಿಲ್ ವಾಪಸ್ ಬರದೆ ಕ್ಲಚ್ಚನ್ನೇ ಒತ್ತಿಹಿಡಿಯುತ್ತದೆ, ಆಗ ಜಾರೋದೂ ಶುರುವಾಗುತ್ತದೆ.

ಬ್ಲೀಡಿಂಗ್, ಅಂದರೆ ಲೈನಿನ ಗಾಳಿ ಹೊರಹಾಕೋದು, ಎಲ್ಲರಿಗೂ ಗೊತ್ತಿರೋದೇ: ಲಿವರ್ ಹಿಡಿ, ಸ್ಲೇವ್‌ನ ನಿಪ್ಪಲ್ ಸಡಿಲಿಸು, ಬಿಗಿ ಮಾಡು, ಲಿವರ್ ಬಿಡು. ಎರಡು ಮಾತು ಮಾತ್ರ ಸೇರಿಸುತ್ತೇನೆ. ಟ್ಯಾಂಕ್ ಮೇಲೆ ಒದ್ದೆ ಬಟ್ಟೆ ಹಾಸಿ, ಡಾಟ್ 4 ಪೇಂಟ್ ತಿನ್ನುತ್ತದೆ. ಇನ್ನೊಂದು, ಗಾಳಿ ಮೇಲೇಳುವ ಗುಣದ್ದು. ಹಾಗಾಗಿ ಹ್ಯಾಂಡಲ್ ತಿರುಗಿಸಿ ಮಾಸ್ಟರ್ ಎಲ್ಲಕ್ಕಿಂತ ಎತ್ತರಕ್ಕೆ ಬರುವ ಹಾಗೆ ಮಾಡಿ, ಹಳೇ ಟ್ಯೂಬಿನ ತುಂಡಿನಿಂದ ಲಿವರ್ ಕಟ್ಟಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಬಿಚ್ಚಿದಾಗ ಗುಳ್ಳೆಗಳು ತಾವಾಗೇ ಬಂದವು.

ಇನ್ನು ಸ್ಲೇವ್. ಸ್ಪ್ರಾಕೆಟ್ ಕವರ್ ತೆಗೆದು ನೋಡಿದೆ. ಚೈನ್ ಲ್ಯೂಬು, ಮಣ್ಣು ಸೇರಿ ಕಪ್ಪು ಅಂಟು. ಅದರ ನಡುವೆ ಒಂದು ಕಡೆ ಮಾತ್ರ ತೊಳೆದ ಹಾಗೆ ಶುಭ್ರವಾಗಿದೆ. ಅಲ್ಲಿ ಆಯಿಲ್ ಜಿನುಗುತ್ತಿದೆ ಅಂತಲೇ ಅರ್ಥ, ಸೀಲ್ ಹೋಗುತ್ತಿದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸೀಲ್ ಕಿಟ್ ವಿಚಾರಿಸಿದ್ದೇನೆ, ತರಿಸಿಕೊಡುತ್ತಾರಂತೆ. ಬಿಚ್ಚುವಾಗ ಪೆಟ್ರೋಲ್ ತಾಗಿಸಲ್ಲ, ಈ ರಬ್ಬರ್ ಊದಿಕೊಳ್ಳುತ್ತದೆ. ಬ್ರೇಕ್ ಆಯಿಲ್‌ನಲ್ಲೇ ತೊಳೆಯುತ್ತೇನೆ. ಸ್ಲೇವ್ ಹೊರಗಿದ್ದಾಗ ಯಾರೂ ಲಿವರ್ ಒತ್ತದ ಹಾಗೆ ನೋಡಿಕೊಳ್ಳಬೇಕು, ಪಿಸ್ಟನ್ ಹೊರಗೆ ಹಾರುತ್ತದೆ.

ಹೋಸ್ ಕೂಡ ಗಾಡಿ ಜೊತೆ ಬಂದ ರಬ್ಬರಿನದೇ. ಅದನ್ನೂ ಆಗಲೇ ಸ್ಟೀಲ್ ಹೆಣಿಗೆಯದಕ್ಕೆ ಬದಲಿಸುತ್ತೇನೆ. ಕಿಟ್ ಬರುವವರೆಗೆ ದಿನಾ ರಿಸರ್ವಾಯರ್ ಮಟ್ಟ ನೋಡಿಕೊಂಡು ಊರೊಳಗೆ ಮಾತ್ರ ಓಡಾಟ. ಚಾರ್ಮಾಡಿ ಘಾಟಿ ಆಮೇಲೆ.