ಗಾಜಿನ ಡಬ್ಬಿ ತಗೊಳ್ಳೋರು ಮೊದ್ಲು ಮುಚ್ಚಳ ನೋಡಿ

ಡಿಶ್‌ವಾಷರ್ ಬಂದ್ಮೇಲೆ ನಮ್ಮನೇಲಿ ಪ್ಲಾಸ್ಟಿಕ್ ಡಬ್ಬಿಗಳೆಲ್ಲ ಒಂದೊಂದಾಗಿ ಹೊರಗೆ ಹೋದ್ವು. ಬಿಸಿಬೇಳೆಬಾತ್ ಇಟ್ಟ ಡಬ್ಬಿಗೆ ಅರಿಶಿನದ ಹಳದಿ ಹತ್ತಿದ್ರೆ ಏನ್ ಮಾಡಿದ್ರೂ ಹೋಗಲ್ಲ, ಹುಳಿ ಹಾಕಿಟ್ಟ ಡಬ್ಬಿ ಇಂಗಿನ ವಾಸನೆ ಹೊಡೀತಿರುತ್ತೆ, ಅದ್ರಲ್ಲಿ ಆಮೇಲೆ ಪಾಯಸ ಇಡೋಕಾಗುತ್ತಾ? ಗಾಜಿಗೆ ಆ ತಾಪತ್ರಯ ಇಲ್ಲ.

ಆದ್ರೆ ಅಂಗಡೀಲಿ ನೋಡೋಕೆ ಎಲ್ಲಾ ಗಾಜೂ ಒಂದೇ ಥರ ಇರುತ್ತೆ, ಅದಕ್ಕೇ ಬಾಕ್ಸ್ ಮೇಲೆ ಬೋರೊಸಿಲಿಕೇಟ್ ಅಂತ ಬರೆದಿದೆಯಾ ನೋಡ್ಕೊಳ್ಳಿ. ಕಾಲೇಜ್ ಲ್ಯಾಬಲ್ಲಿ ಬೀಕರ್ ಇರ್ತಿತ್ತಲ್ಲ, ಅದೇ ಗಾಜು. ಬಿಸಿಗೆ ಅದು ಹಿಗ್ಗೋದು ಮಾಮೂಲಿ ಸೋಡಾ ಲೈಮ್ ಗಾಜಿನ ಸುಮಾರು ಮೂರನೇ ಒಂದು ಭಾಗದಷ್ಟೇ, ಹಾಗಾಗಿ ಬಿಸಿ-ತಣ್ಣಗೆ ಮಾಡ್ತಿದ್ರೂ ಸುಲಭಕ್ಕೆ ಬಿರುಕು ಬಿಡಲ್ಲ. ಟೆಂಪರ್ಡ್ ಅಂತ ಬರೆದಿದ್ರೆ ಅದು ಸಾಮಾನ್ಯವಾಗಿ ಸೋಡಾ ಲೈಮನ್ನೇ ಗಟ್ಟಿ ಮಾಡಿರೋದು, ಏಟು ಚೆನ್ನಾಗಿ ತಡ್ಕೊಳ್ಳುತ್ತೆ, ಒಡೆದ್ರೆ ಮಾತ್ರ ಪುಡಿಪುಡಿ. ಬ್ರ್ಯಾಂಡ್ ಹೆಸರೊಂದೇ ನಂಬ್ಕೊಂಡು ತಗೋಬೇಡಿ. 1915ರಲ್ಲಿ ಬೋರೊಸಿಲಿಕೇಟಲ್ಲೇ ಶುರುವಾದ ಪೈರೆಕ್ಸ್, ಅಮೆರಿಕದಲ್ಲಿ ಮನೆಬಳಕೆಗೆ ಈಗ ಸಿಗೋದು ಸೋಡಾ ಲೈಮ್ ಗಾಜಿಂದು.

ನಿಜ ಹೇಳ್ಬೇಕಂದ್ರೆ ಗಾಜು ಸುಮ್ನೆ ಕೆಡಲ್ಲ, ಕೆಡೋದೆಲ್ಲಾ ಮುಚ್ಚಳ. ನಾಲ್ಕೂ ಕಡೆ ಲಾಕ್ ಇರೋ ಪ್ಲಾಸ್ಟಿಕ್ ಮುಚ್ಚಳ ತಿರುಗಿಸಿ ನೋಡಿ, ಲಾಕ್ ಮಡಚೋ ಜಾಗ ತೆಳ್ಳಗಿರುತ್ತೆ, ತೆಗೆದು ಹಾಕಿ ಮಾಡ್ತಾ ಮಾಡ್ತಾ ಬಿಳಿ ಗೆರೆ ಬಂದು ಅಲ್ಲೇ ಕಿತ್ತು ಬರೋದು. ಒಳಗಡೆ ಸಿಲಿಕೋನ್ ರಿಂಗ್ ಇದ್ಯಲ್ಲ, ಅದು ಕೈಗೆ ಬಿಚ್ಚಿ ಬರ್ಲೇಬೇಕು. ರಿಂಗ್ ಕೂರೋ ಕಾಲುವೆ ಒಳಗೆ ಸಾರಿನ ಜಿಡ್ಡು, ಸಾಸಿವೆ ಕಾಳು, ನೀರು ಎಲ್ಲಾ ಸೇರ್ಕೊಂಡು ಕಪ್ಪಗೆ ಬೂಷ್ಟು ಕಟ್ಟುತ್ತೆ, ಮೆಷಿನ್ ನೀರು ಅಲ್ಲಿಗೆ ಸರಿಯಾಗಿ ಹೋಗಲ್ಲ. ನಾನು ಊದುಬತ್ತಿ ಕಡ್ಡಿ ತುದೀಲಿ ರಿಂಗ್ ಎಬ್ಬಿಸಿ ತೆಗೆದು ಬೇರೆ ತೊಳೆದು ಪೂರ್ತಿ ಒಣಗಿಸೇ ವಾಪಸ್ ಹಾಕೋದು. ಮುಚ್ಚಳ ಬಿಡಿಯಾಗಿ ಸಿಗುತ್ತಾ ಅಂತ ಕೊಳ್ಳೋವಾಗ್ಲೇ ಕೇಳ್ಬಿಡಿ, ಒಂದೇ ಸೆಟ್ಟಲ್ಲಿ ಒಂದೇ ಅಳತೇದು ತಗೊಂಡ್ರೆ ಒಂದರ ಮುಚ್ಚಳ ಇನ್ನೊಂದಕ್ಕೂ ಕೂರುತ್ತೆ.

ಡಿಶ್‌ವಾಷರಲ್ಲಿ ಮುಚ್ಚಳ ಯಾವಾಗ್ಲೂ ಮೇಲಿನ ರ‍್ಯಾಕಲ್ಲಿ. ಗಾಜಿನ ಡಬ್ಬಿಗಳು ಒಂದಕ್ಕೊಂದು ತಾಗದ ಹಾಗೆ ಇಡಿ, ಅಂಚಲ್ಲಿ ಚೂರು ಚೆಕ್ಕೆ ಎದ್ದಿದ್ರೂ ಅಂಥ ಡಬ್ಬಿ ಊಟಕ್ಕೆ ಬೇಡ. ಬೆಂಗಳೂರಿನ ಬೋರ್‌ವೆಲ್ ನೀರಿಗೆ ಗಾಜಿನ ಮೇಲೆ ಬಿಳಿ ಪೊರೆ ಕೂತ್ರೆ ಗಾಬರಿ ಬೇಡ, ವಿನೆಗರಲ್ಲಿ ಒರೆಸಿದ್ರೆ ಹೋಗುತ್ತೆ, ಮೆಷಿನ್‌ಗೆ ಡಿಶ್‌ವಾಷರ್ ಉಪ್ಪು ಹಾಕೋದು ಮಾತ್ರ ಮರೀಬೇಡಿ.

ಇನ್ನೊಂದು, ಬೋರೊಸಿಲಿಕೇಟ್ ಅಂತ ಫ್ರೀಜರಿಂದ ತೆಗೆದು ಸೀದಾ ಕುದಿಯೋ ನೀರು ಸುರೀಬೇಡಿ. ಮೈಕ್ರೋವೇವಲ್ಲಿ ಲಾಕ್ ಬಿಚ್ಚೇ ಇಡಿ. ದೋಸೆ ಹಿಟ್ಟಿಗೂ ಅಷ್ಟೇ, ಮೇಲೆ ಜಾಗ ಬಿಟ್ಟು ಮುಚ್ಚಳ ಸುಮ್ನೆ ಮೇಲಿಡಿ, ಲಾಕ್ ಹಾಕ್ಬೇಡಿ.