ಮೂವತ್ತೆಂಟು ರಾಡುಗಳ ಲೆಕ್ಕ

ಬೆಂಗಳೂರಿನ ಹೊರಮಾವಿನಾಚೆ ಇರುವ ನಮ್ಮ ಮೂವತ್ತು-ನಲವತ್ತರ ನಿವೇಶನದಲ್ಲಿ ಎರಡು ಕೊಳವೆಬಾವಿಗಳಿವೆ. 2016ರಲ್ಲಿ ಕೊರೆಸಿದ ಮೊದಲನೆಯದು ಮೂರೇ ವರ್ಷಕ್ಕೆ ಕೈಕೊಟ್ಟಿತು. 2024ರ ಮೇ ತಿಂಗಳಲ್ಲಿ ಕೊರೆಸಿದ ಎರಡನೆಯದು ಇಂದಿಗೂ ನೀರು ಕೊಡುತ್ತಿದೆ. ಎರಡನೆಯದರಲ್ಲಿ ಅದೃಷ್ಟದ ಪಾಲೂ ಇದೆಯೆಂದು ಒಪ್ಪುತ್ತೇನೆ. ಆದರೆ ಮೊದಲನೆಯದು ಕೆಟ್ಟದ್ದಕ್ಕೆ ದುರದೃಷ್ಟವನ್ನು ದೂರುವಂತಿಲ್ಲ, ಅದು ನನ್ನ ಕೈಯಾರೆ ಆದದ್ದು. ಎದುರು ಮನೆಯವರು ಬೋರ್‌ವೆಲ್ ಲಾರಿ ಗೊತ್ತುಮಾಡುವ ಮುನ್ನ ನನ್ನನ್ನು ವಿಚಾರಿಸಿದಾಗ ಗೇಟಿನ ಬಳಿ ನಿಂತು ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಸರಿಯಾಗಿ ಬರೆದಿಡುತ್ತಿದ್ದೇನೆ.

ಜಾಗದ ಆಯ್ಕೆಯಲ್ಲಿಯೇ ನಾನು ಮೊದಲು ಎಡವಿದ್ದೆ. ವಾಸ್ತುವಿನ ಪ್ರಕಾರ ಬಾವಿ ಈಶಾನ್ಯದಲ್ಲಿರಬೇಕು. ಮಾವನವರು ಕರೆತಂದ, ನೀರು ನೋಡುವ ಹಿರಿಯರ ಅಂಗೈಯಲ್ಲಿದ್ದ ತೆಂಗಿನಕಾಯಿಯೂ ಸೌಜನ್ಯದಿಂದ ಈಶಾನ್ಯದಲ್ಲಿಯೇ ಎದ್ದು ನಿಂತಿತು. ಆ ಮೂಲೆಯ ಕಾಂಪೌಂಡಿನ ಆಚೆಗೆ ಪಕ್ಕದ ಮನೆಯವರ ಶೌಚದ ಗುಂಡಿಯಿದೆ ಎಂಬುದನ್ನು ಮಾತ್ರ ಯಾರೂ ನೋಡಲಿಲ್ಲ. ಲಾಲ್‌ಬಾಗಿನಲ್ಲಿ ನಾವು ಹತ್ತಿ ಕೂರುವ, ಸುಮಾರು 300 ಕೋಟಿ ವರ್ಷ ಹಳೆಯ ಬಂಡೆಯಂಥದೇ ಕಲ್ಲು ನಗರದ ಬಹುಭಾಗದ ಅಡಿಯಲ್ಲಿದೆ. ಜನ ಭಾವಿಸುವಂತೆ ಅದರೊಳಗೆ ನೀರು ಹೊಳೆಯಾಗಿ ಹರಿಯುವುದಿಲ್ಲ. ಮೇಲಿನ ಶಿಥಿಲಗೊಂಡ ಕಲ್ಲಿನ ಪದರದಲ್ಲಿ ಒಂದಿಷ್ಟು, ಅದರ ಕೆಳಗೆ ಗಟ್ಟಿ ಬಂಡೆಯ ಬಿರುಕುಗಳಲ್ಲಿ ಒಂದಿಷ್ಟು ಇರುತ್ತದೆ. ಆದ್ದರಿಂದಲೇ ಪಕ್ಕದ ಮನೆಯಲ್ಲಿ ಮೂರು ಇಂಚು ನೀರು ಬಿದ್ದಿದ್ದರೂ ನಮ್ಮಲ್ಲಿ ಬರೀ ಧೂಳು ಏಳಬಹುದು.

ಎರಡನೆಯ ಸಲ ಭೂವಿಜ್ಞಾನಿಯೊಬ್ಬರನ್ನು ಕರೆಸಿದೆ. ಅವರು ನೆಲಕ್ಕೆ ಕಬ್ಬಿಣದ ಗೂಟಗಳನ್ನು ಹೊಡೆದು, ವಿದ್ಯುತ್ ಹಾಯಿಸಿ, ಅದಕ್ಕೆ ನೆಲ ಒಡ್ಡುವ ತಡೆಯನ್ನು, ಅಂದರೆ ರೋಧವನ್ನು ಅಳೆಯುತ್ತಾರೆ. ಈ ವಿಧಾನದಲ್ಲಿ ಎಷ್ಟು ಆಳ ಕಾಣಬೇಕೋ ಅದಕ್ಕಿಂತ ಹೆಚ್ಚು ಉದ್ದಕ್ಕೆ ತಂತಿ ಎಳೆಯಬೇಕಾಗುತ್ತದೆ. ನಲವತ್ತು ಅಡಿಯ ನಿವೇಶನದೊಳಗೆ ಅದು ಸಾಧ್ಯವೇ ಇಲ್ಲ. ಬೆಳಗಿನ ಐದೂವರೆಗೆ, ಹಾಲಿನ ಗಾಡಿ ಬರುವ ಮೊದಲು, ಪಕ್ಕದ ಖಾಲಿ ನಿವೇಶನಗಳನ್ನು ದಾಟಿ ಅಡ್ಡರಸ್ತೆಯ ಕೊನೆಯವರೆಗೆ ತಂತಿ ಎಳೆದರು. ನೆಲದಡಿಯ ಪೈಪು, ಕೇಬಲ್ಲುಗಳು ಅಳತೆಯನ್ನು ಕೆಡಿಸುತ್ತವೆಂದು ಅವರೇ ಎಚ್ಚರಿಸಿದರು. ನಿವೇಶನದೊಳಗೇ ಹತ್ತು ನಿಮಿಷ ಯಂತ್ರ ಹಿಡಿದು ಸಾವಿರ ಅಡಿಯ ನೀರು ಹೇಳುವವರಿಗಿಂತ ತೆಂಗಿನಕಾಯಿಯೇ ವಾಸಿ, ಖರ್ಚಾದರೂ ಕಡಿಮೆ.

ಕಾಗದಪತ್ರದ ವಿಷಯದಲ್ಲಿ ಹೇಳುವುದು ಹೆಚ್ಚಿಲ್ಲ. ಅಂತರ್ಜಲದ ಬಗ್ಗೆ ರಾಜ್ಯದಲ್ಲಿ 2011ರ ಕಾಯ್ದೆಯಿದೆ. ಬೇಸಿಗೆಯ ಬವಣೆಯ ನಡುವೆ 2024ರ ಮಾರ್ಚಿನಲ್ಲಿ ಜಲಮಂಡಳಿಯು, ತನ್ನ ಅನುಮತಿಯಿಲ್ಲದೆ ನಗರದಲ್ಲಿ ಯಾರೂ ಕೊಳವೆಬಾವಿ ಕೊರೆಸಬಾರದೆಂದು ಆದೇಶಿಸಿತು. "ಅದೆಲ್ಲಾ ನಾವು ನೋಡ್ಕೋತೀವಿ ಸಾರ್" ಎನ್ನುವ ಏಜೆಂಟರನ್ನು ನಂಬದೆ ಅರ್ಜಿಯನ್ನು ನಾನೇ ಹಾಕಿದೆ.

ಇನ್ನು ಕೇಸಿಂಗ್ ಪೈಪಿನ ಕಥೆ. ಮಣ್ಣು ಮತ್ತು ಶಿಥಿಲ ಕಲ್ಲು ಬಾವಿಯೊಳಗೆ ಕುಸಿಯದಂತೆ ಇಳಿಸುವ ಈ ಪೈಪಿಗೆ ಅಡಿಯ ಲೆಕ್ಕದಲ್ಲಿ ಬೇರೆಯೇ ದರ ಇರುವುದರಿಂದ, ಮೊದಲ ಬಾವಿಯಲ್ಲಿ 60 ಅಡಿಗೆ ಸಾಕೆಂದು ನಾನೇ ನಿಲ್ಲಿಸಿದ್ದೆ. ಗಟ್ಟಿ ಬಂಡೆ ಸಿಕ್ಕಿದ್ದು 74 ಅಡಿಗೆ. ನಡುವಿನ ಆ 14 ಅಡಿಯಿಂದ ಪ್ರತಿ ಮಳೆಗಾಲದಲ್ಲಿ ಕೆಂಪು ಕೆಸರು ಇಳಿದು, ಎರಡು ಸಲ ಪಂಪು ಕೆಟ್ಟು, ಮೂರನೆಯ ಸಲ ಅದು ಹೂತುಕೊಂಡು ಮೇಲೆ ಬರಲೇ ಇಲ್ಲ. ಎರಡನೆಯ ಬಾವಿಗೆ ಗಟ್ಟಿ ಬಂಡೆಯೊಳಕ್ಕೆ ಐದು ಅಡಿ ಹೋಗುವವರೆಗೆ ಕೇಸಿಂಗ್ ಇಳಿಸಿಸಿದೆ. ಪೈಪಿಗೂ ಮಣ್ಣಿಗೂ ನಡುವೆ ಉಳಿಯುವ ಸಂದಿಗೆ ಸಿಮೆಂಟ್ ತುಂಬಿಸಿದೆ. ಈ ಸಂದಿಯನ್ನು ಜಲ್ಲಿ, ಮಣ್ಣಿನಿಂದ ಮುಚ್ಚಿಬಿಡುವುದೇ ವಾಡಿಕೆ. ಚರಂಡಿಯ ನೀರು, ಗುಂಡಿಯ ನೀರು ಬಾವಿಗೆ ಇಳಿಯುವುದು ಅಲ್ಲಿಂದಲೇ.

ಲಾರಿಯವರು ತಿರುಚೆಂಗೋಡಿನ ಕಡೆಯವರು. ದಕ್ಷಿಣ ಭಾರತದ ಬೋರ್‌ವೆಲ್ ಲಾರಿಗಳಿಗೆ ಆ ಊರು ತವರುಮನೆಯಿದ್ದಂತೆ. ಅವರ ಕೆಲಸದಲ್ಲಿ ನಾನು ದೋಷ ಹುಡುಕುವುದಿಲ್ಲ, ಆದರೆ ಲೆಕ್ಕ ಇಡಬೇಕಾದವರು ಮನೆಯವರೇ. ಮೊದಲ ಸಲ ಬಿಲ್ಲಿನಲ್ಲಿ 900 ಅಡಿ ಎಂದಿತ್ತು. ಮಾರನೆಯ ವಾರ ಪಂಪು ಇಳಿಸುವವರ ಪೈಪು 810ಕ್ಕೇ ತಳ ಮುಟ್ಟಿತು. ಕೆಸರು ಕುಸಿದು ತುಂಬಿತ್ತೋ, ಕೊರೆಯುವಾಗ ಒಂದಕ್ಕೊಂದು ಜೋಡಿಸಿ ಇಳಿಸುವ ರಾಡುಗಳ ಎಣಿಕೆ ತಪ್ಪಿತ್ತೋ ಹೇಳುವುದಕ್ಕೆ ನನ್ನ ಬಳಿ ಯಾವ ಆಧಾರವೂ ಇರಲಿಲ್ಲ. ಎರಡನೆಯ ಸಲ ಅಮ್ಮ ಜಗುಲಿಯಲ್ಲಿ ತಟ್ಟೆಯಿಟ್ಟುಕೊಂಡು ಕೂತು, ಒಂದೊಂದು ರಾಡು ಜೋಡಿಸಿದಾಗಲೂ ಒಂದು ಹುಣಸೆಬೀಜ ಹಾಕಿದರು. ರಾಡಿಗೆ 20 ಅಡಿ. ರಾತ್ರಿ ಹನ್ನೊಂದಕ್ಕೆ ತಟ್ಟೆಯಲ್ಲಿ 38 ಬೀಜಗಳಿದ್ದವು, ಬಿಲ್ಲಿನಲ್ಲಿ 760 ಅಡಿಯಿತ್ತು.

ಬೀಜದ ಜೊತೆಗೆ ನಾನು ಮಾಡಿದ್ದು ಕಲ್ಲುಪುಡಿಯ ದಾಖಲೆ. ಒಂದೊಂದು ರಾಡು ಇಳಿದಾಗಲೂ ಬಾವಿಯ ಬಾಯಿಂದ ಬರುವ ಪುಡಿಯನ್ನು ಒಂದು ಹಿಡಿ ಹಿಡಿದು, ಹಳೆಯ ದಿನಪತ್ರಿಕೆಯ ಮೇಲೆ ಸಾಲಾಗಿ ಸುರಿದು, ಪಕ್ಕದಲ್ಲಿ ಅಡಿ ಮತ್ತು ಗಂಟೆ ಬರೆದೆ. ಗಟ್ಟಿ ಬಂಡೆಯ ಪುಡಿ ಬೂದಿಬಣ್ಣದ ಹಿಟ್ಟಿನಂತೆ ನುಣ್ಣಗಿರುತ್ತದೆ. 26ನೇ ರಾಡಿನಲ್ಲಿ ಇದ್ದಕ್ಕಿದ್ದಂತೆ ಕಡಲೆಬೇಳೆ ಗಾತ್ರದ ಚೂರುಗಳು ಬಂದವು. ಅವುಗಳ ಒಂದು ಮುಖಕ್ಕೆ ತುಕ್ಕಿನಂಥ ಕಂದು ಬಣ್ಣ. ನೀರು ಓಡಾಡಿದ ಬಿರುಕಿನ ಗುರುತು ಅದು. ಧೂಳು ನಿಂತು ಬುರುಗು ಬರತೊಡಗಿತು. 32ನೇ ರಾಡಿನಲ್ಲಿ, ಅಂದರೆ 640 ಅಡಿಯೊಳಗೆ, ಮತ್ತೆ ಅದೇ ಕಂದು ಚೂರು, ಇನ್ನಷ್ಟು ನೀರು. ಮುಂದಿನ ಆರು ರಾಡುಗಳಲ್ಲಿ ಬರೀ ಬೂದಿಹಿಟ್ಟು.

ನಿಲ್ಲಿಸಬೇಕಾದ ಹೊತ್ತು ಅದೇ ಆಗಿತ್ತು, ಆದರೆ ನಿಲ್ಲಿಸುವುದು ಸುಲಭವಲ್ಲ. "ಇನ್ನೊಂದು ನೂರಡಿ ನೋಡಿಬಿಡೋಣ ಸಾರ್, ಇಷ್ಟು ಬಂದಾಯ್ತಲ್ಲ" ಎಂಬ ಮಾತು ರಾತ್ರಿ ಹನ್ನೊಂದರ ಗದ್ದಲದಲ್ಲಿ ಬಹಳ ನ್ಯಾಯವಾಗಿ ಕೇಳಿಸುತ್ತದೆ. ಮೊದಲ ಬಾವಿಯಲ್ಲಿ ಈ ಮಾತಿಗೆ ಮೂರು ಸಲ ತಲೆಯಾಡಿಸಿದ್ದೆ. ಆಳ ಹೆಚ್ಚಿದಂತೆ ಅಡಿಯ ದರವೂ ಏರುತ್ತಾ ಹೋಗುತ್ತದೆಂಬುದು ಬಿಲ್ಲು ನೋಡಿದಾಗಲಷ್ಟೇ ತಿಳಿಯಿತು. ಈ ಸಲ, ನೀರು ಸಿಕ್ಕ ಮೇಲೆ ಆರು ರಾಡು ಒಣಗಿ ಹೋದರೆ ಮುಗಿಯಿತೆಂದು ಬೆಳಿಗ್ಗೆಯೇ ಲಾರಿಯವರಿಗೆ ಬರೆದುಕೊಟ್ಟಿದ್ದೆ.

ನೀರಿನ ಇಂಚಿನ ಬಗ್ಗೆ ಒಂದು ಮಾತು. ಅದು ಪೈಪಿನ ಇಂಚಲ್ಲ. ತಗಡಿನ ಅಂಚಿನಲ್ಲಿ 'ವಿ' ಆಕಾರಕ್ಕೆ, 90 ಡಿಗ್ರಿ ಕೋನದಲ್ಲಿ ಕತ್ತರಿಸಿದ ಕಂಡಿಯ ಮೂಲಕ ನೀರು ಹರಿಯುವಾಗ ಅದು ಎಷ್ಟು ಎತ್ತರಕ್ಕೆ ನಿಲ್ಲುತ್ತದೆ ಎಂಬುದರ ಅಳತೆ. ಒಂದು ಇಂಚೆಂದರೆ ಗಂಟೆಗೆ ಸುಮಾರು 500 ಲೀಟರ್; ಎರಡು ಇಂಚೆಂದರೆ ಅದರ ಎರಡರಷ್ಟಲ್ಲ, ಸುಮಾರು 2,900 ಲೀಟರ್. ಕಣ್ಣಳತೆಯಲ್ಲಿ ಅರ್ಧ ಇಂಚು ಹೆಚ್ಚು ಹೇಳಿದರೂ ಲೆಕ್ಕ ಎಷ್ಟು ತಪ್ಪುತ್ತದೆಂದು ಇದರಿಂದಲೇ ಊಹಿಸಬಹುದು. ನಮಗೆ ಎರಡು ಇಂಚು ಎಂದರು. ತಗಡು ಇಟ್ಟು ನೋಡಿದಾಗ ಒಂದೂವರೆ, ಅಂದರೆ ಗಂಟೆಗೆ 1,400 ಲೀಟರ್ ಇತ್ತು.

ಪಂಪನ್ನು ಆರಿಸಿದ್ದು ಆ 1,400ಕ್ಕೇ ಹೊರತು ಅಂಗಡಿಯವರು ಹೇಳಿದ ಅಶ್ವಶಕ್ತಿಗಲ್ಲ. ಬಾವಿ ಕೊಡುವುದಕ್ಕಿಂತ ಹೆಚ್ಚು ಎಳೆಯುವ ಪಂಪು ನೀರಿಲ್ಲದೆ ಓಡಿ ಸುಟ್ಟುಹೋಗುತ್ತದೆ. ಅದನ್ನು ತಳಕ್ಕೆ ತಾಗುವಂತೆಯೂ ಇಳಿಸಬಾರದು. ಹೂಳು ಕೂರಲು ಜಾಗ ಬೇಕು, ಮೋಟರು ತಣ್ಣಗಿರಲು ಅದರ ಸುತ್ತ ನೀರು ಹರಿಯಬೇಕು. ದಿನಪತ್ರಿಕೆಯ ಮೇಲಿನ ಸಾಲು ಕೆಲಸಕ್ಕೆ ಬಂದದ್ದು ಇಲ್ಲಿ: ಎರಡನೆಯ ಬಿರುಕಿನ ನೀರು ಮೇಲೇರುವಾಗ ಮೋಟರನ್ನು ಸವರಿಕೊಂಡು ಬರಲೆಂದು ಪಂಪನ್ನು 600 ಅಡಿಗೆ ನಿಲ್ಲಿಸಿದೆವು.

ಹಳೆಯ ಬಾವಿಯನ್ನು ತೆರೆದು ಬಿಡುವಂತಿರಲಿಲ್ಲ. ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಮಗುವೊಂದು ಕೊಳವೆಬಾವಿಗೆ ಬಿದ್ದು ಬದುಕಿ ಬಂದದ್ದು ಅದೇ 2024ರ ಏಪ್ರಿಲ್ಲಿನಲ್ಲಿ. ಕೈಬಿಟ್ಟ ಬಾವಿಯನ್ನು ತಳದಿಂದ ನೆಲಮಟ್ಟದವರೆಗೆ ತುಂಬಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲಿಯೇ ಹೇಳಿದೆ. ಕಲ್ಲು, ಮಣ್ಣು ತುಂಬಿಸಿ ಮುಚ್ಚಿಸಿದೆ. ಹೊಸದಕ್ಕೆ ಸಿಮೆಂಟಿನ ಕಟ್ಟೆ, ಬೋಲ್ಟು ಹಾಕಿದ ಕಬ್ಬಿಣದ ಮುಚ್ಚಳ ಇದೆ. ಮುಚ್ಚಳದಲ್ಲಿ ಒಂದು ಸಣ್ಣ ರಂಧ್ರವಿದ್ದು, ಅದರ ಕೆಳಗೆ ಪಂಪಿನ ಪೈಪಿನ ಜೊತೆಗೇ ಮುಕ್ಕಾಲು ಇಂಚಿನ ಪಿವಿಸಿ ಪೈಪೊಂದನ್ನು ಇಳಿಸಿಟ್ಟಿದ್ದೇವೆ. ತಿಂಗಳಿಗೊಮ್ಮೆ, ಪಂಪು ಹಾಕುವ ಮುನ್ನ, ಅದರೊಳಗೆ ಭಾರ ಕಟ್ಟಿದ ದಾರ ಬಿಟ್ಟು ನೀರಿನ ಮಟ್ಟ ನೋಡುತ್ತೇನೆ. ಕಳೆದ ಭಾನುವಾರ 212 ಅಡಿಗೆ ದಾರ ಒದ್ದೆಯಾಯಿತು. ಅಮ್ಮನ ಹುಣಸೆಬೀಜದ ಡಬ್ಬಿಯ ಪಕ್ಕದಲ್ಲಿರುವ ಪುಸ್ತಕದಲ್ಲಿ ಬರೆದಿಟ್ಟೆ.