ಕೂರೋಕೆ ಜಾಗ ಇರೋ ಪಾರ್ಕ್

ನಮ್ಮ ಮನೆ ಹತ್ತಿರದ ಪಾರ್ಕಿನಲ್ಲಿ ಹೊಸ ಫಲಕ ಹಾಕಿದ್ದಾರೆ. ಚೆಂಡಾಟ ಬೇಡ, ಹುಲ್ಲು ತುಳಿಯಬೇಡಿ, ಸೈಕಲ್ ತರಬೇಡಿ. ಹಾಗಾದ್ರೆ ಮಕ್ಕಳು ಅಲ್ಲಿ ಏನು ಮಾಡಬೇಕು? ಸುಮ್ನೆ ಕೈಕಟ್ಟಿ ಕೂರಬೇಕಾ? ಅದಕ್ಕೂ ದಾರಿಯಿಲ್ಲ. ಇರೋ ಬೆಂಚುಗಳೆಲ್ಲ ಸುಡುಬಿಸಿಲಿನಲ್ಲಿವೆ, ಅದೂ ಜಾರುಬಂಡೆಗೆ ಬೆನ್ನು ಹಾಕಿಕೊಂಡು.

ಈ ಸಿಟ್ಟಿನಲ್ಲೇ ಪಾರ್ಕುಗಳ ಹಳೆಯ ಕಥೆ ಹುಡುಕಿಕೊಂಡು ಓದಿದೆ. ಸಾರ್ವಜನಿಕರ ದುಡ್ಡಿನಲ್ಲಿ ಎಲ್ಲರಿಗೂ ಅಂತ ಮಾಡಿದ ಪಾರ್ಕ್ ಅಂದರೆ ಮೊದಲು ಬರುವ ಹೆಸರು ಇಂಗ್ಲೆಂಡಿನ ಬರ್ಕೆನ್‌ಹೆಡ್. 1847ರಲ್ಲಿ ತೆರೆಯಿತು. ಖರ್ಚು ಹುಟ್ಟಲಿ ಅಂತ ಅಂಚಿನ ಸೈಟುಗಳನ್ನು ಮನೆ ಕಟ್ಟೋರಿಗೆ ಮಾರಿದರು. ಪಾರ್ಕ್ ಪಕ್ಕದ ಸೈಟಿನ ಲೆಕ್ಕಾಚಾರ ಆಗಲೇ ಇತ್ತು ನೋಡಿ! 1850ರಲ್ಲಿ ಅಲ್ಲಿಗೆ ಹೋಗಿ ಮೆಚ್ಚಿಕೊಂಡ ಫ್ರೆಡೆರಿಕ್ ಓಮ್‌ಸ್ಟೆಡ್ ಮುಂದೆ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ರೂಪಿಸಿದವರಲ್ಲಿ ಒಬ್ಬರು.

ಇವೆಲ್ಲ ರಜೆ ದಿನ ಹೊರಟು ಹೋಗುವ ದೊಡ್ಡ ಪಾರ್ಕುಗಳು. ಬೀದಿ ಕೊನೆಯ ಪುಟ್ಟ ಪಾರ್ಕಿಗೆ ನನ್ನ ಪ್ರಕಾರ ಸರಿಯಾದ ಉದಾಹರಣೆ ಆಮ್‌ಸ್ಟರ್‌ಡ್ಯಾಮ್. ಎರಡನೇ ಮಹಾಯುದ್ಧ ಮುಗಿದಾಗ ಅಲ್ಲಿ ಮಕ್ಕಳಿಗೆ ಆಡೋಕೆ ಜಾಗವೇ ಸಾಲುತ್ತಿರಲಿಲ್ಲ. ನಗರಾಡಳಿತದಲ್ಲಿ ಕೆಲಸಕ್ಕಿದ್ದ ಯುವ ವಾಸ್ತುಶಿಲ್ಪಿ ಆಲ್ಡೊ ವಾನ್ ಐಕ್ 1947ರಲ್ಲಿ ಬರ್ಟೆಲ್‌ಮನ್‌ಪ್ಲೈನ್ ಎಂಬ ಚೌಕದಲ್ಲಿ ಮೊದಲ ಆಟದ ಜಾಗ ಮಾಡಿದರು. ಒಂದು ಮರಳಿನ ಗುಂಡಿ, ಲಾಗ ಹಾಕೋಕೆ ಕಬ್ಬಿಣದ ಸರಳು, ಬೆಂಚು, ಮರ. ಅಷ್ಟೇ.

ನನಗೆ ತುಂಬಾ ಹಿಡಿಸಿದ್ದು ಆ ಗುಂಡಿಯ ಅಗಲವಾದ ಕಾಂಕ್ರೀಟ್ ಕಟ್ಟೆ. ಮಗು ಅದರ ಮೇಲೆ ಮರಳಿನ ಗೋಪುರ ಕಟ್ಟಬಹುದು, ಓಡಬಹುದು, ಅಮ್ಮ ಪಕ್ಕದಲ್ಲೇ ಕೂರಬಹುದು. ಕೂತವರು ಒಬ್ಬರಿಗೊಬ್ಬರು ಎದುರಾಗುತ್ತಾರೆ. ಆಮೇಲೆ ಮಾತು ಶುರುವಾಗೋಕೆ ಇನ್ನೇನು ಬೇಕು, ಅಲ್ವಾ? ಸಾಮಾನ್ಯವಾಗಿ ಸುತ್ತ ಬೇಲಿಯೂ ಇರುತ್ತಿರಲಿಲ್ಲ.

ಪಕ್ಕದ ಬೀದಿಯವರು ಇದನ್ನು ನೋಡಿ 'ನಮಗೂ ಒಂದು ಬೇಕು' ಅಂತ ಆಡಳಿತಕ್ಕೆ ಪತ್ರ ಬರೆದರು. ಮನೆ ಬಿದ್ದು ಖಾಲಿಯಾದ ಸೈಟು, ರಸ್ತೆ ಮೂಲೆ, ಯಾವುದನ್ನೂ ಬಿಡಲಿಲ್ಲ. 1978ರ ಹೊತ್ತಿಗೆ ಇಂಥ ಸುಮಾರು 700 ಜಾಗಗಳಾಗಿದ್ದವು.

ನಮ್ಮ ಬೀದಿಯಲ್ಲೂ ಒಂದು ಪತ್ರ ತಯಾರಾಗಿದೆ. ಫಲಕದ ಜಗಳ ಆಮೇಲೆ ನೋಡಿಕೊಳ್ಳೋಣ. ಮೊದಲು ಬೆಂಚುಗಳನ್ನು ಕಿತ್ತು ಮರದ ಕೆಳಗೆ, ಜಾರುಬಂಡೆಗೆ ಮುಖ ಮಾಡಿ ಹಾಕಿಕೊಡಿ ಅಂತ ಕೇಳಿದ್ದೇವೆ. ಸಹಿ ಹಾಕದವರು ಇನ್ನೂ ಇದ್ದೀರಿ, ಸಂಜೆ ಸಿಗಿ.